ಮಗಳ ಮನೆಗೆ ಹೋದಂತೆ ಶ್ರೀಶೈಲಕ್ಕೆ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಮಲ್ಲಯ್ಯನ ಮಾತು ಆರಂಭವಾಗುತ್ತದೆ. ಈ ವರ್ಷ ಕಂಬಿ ಎಂದು ಹೊರಡುತ್ತದೆ, ಯಾರ ಮನೆಯಿಂದ ಎಷ್ಟು ಮಂದಿ, ಬುತ್ತಿಗೆ ಎಷ್ಟು ಕಟಕ ರೊಟ್ಟಿ, ಎಷ್ಟು ಶೇಂಗಾ ಹಿಂಡಿ ಎಂಬ ಲೆಕ್ಕ ಕಟ್ಟೆಯ ಮೇಲೆ ನಡೆಯುತ್ತದೆ. ಸುಗ್ಗಿ ಮುಗಿದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಹೊಲದಲ್ಲಿ ಕೆಲಸ ಇರುವುದಿಲ್ಲ. ಚಪ್ಪಲಿ ಕಳಚಿಟ್ಟು, ಹಣೆಯ ತುಂಬ ವಿಭೂತಿ ಧರಿಸಿ, ಯುಗಾದಿಯ ಹೊತ್ತಿಗೆ ಶ್ರೀಗಿರಿಯನ್ನು ಮುಟ್ಟಬೇಕೆಂದು ಸಾವಿರ ಸಾವಿರ ಪಾದಗಳು ಮೂಡಣ ದಿಕ್ಕಿಗೆ ಹೊರಡುತ್ತವೆ. ಕೆಲವರು ಹರಕೆ ಹೊತ್ತು ಮರಗಾಲು ಕಟ್ಟಿಕೊಂಡು ನಡೆಯುವುದೂ ಉಂಟು.

ಹೋಗುವವರ ಗಂಟುಗಳಲ್ಲಿ ಒಂದು ವಸ್ತು ತಪ್ಪದೆ ಇರುತ್ತದೆ. ಅದು ಸೀರೆ. ಅದರೊಡನೆ ಕುಪ್ಪಸದ ಖಣ, ಅರಿಶಿನ, ಕುಂಕುಮ, ಬಳೆ. ಇವು ಭ್ರಮರಾಂಬ ಅಮ್ಮನವರಿಗೆ. ಆ ತಾಯಿ ಕನ್ನಡನಾಡಿನ ಮನೆಮಗಳು ಎಂಬುದು ನಮ್ಮ ಜನರ ತಲೆತಲಾಂತರದ ನಂಬಿಗೆ. ಮಗಳು ದೂರದ ಬೆಟ್ಟದ ಮೇಲೆ ಗಂಡನ ಮನೆಯಲ್ಲಿದ್ದಾಳೆ, ಹೊಸ ವರ್ಷದ ಹಬ್ಬಕ್ಕೆ ತವರಿನವರು ಹೋಗಿ ಉಡಿ ತುಂಬಿ ಬರಬೇಕು. ದೇವಿಯನ್ನು ಹದಿನೆಂಟು ಮಹಾಶಕ್ತಿಪೀಠಗಳಲ್ಲಿ ಒಬ್ಬಳೆಂದು ಶಾಸ್ತ್ರ ಬಲ್ಲವರು ಹೇಳುತ್ತಾರೆ, ಮಲ್ಲಿಕಾರ್ಜುನನನ್ನು ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಎಣಿಸುತ್ತಾರೆ. ಅದೆಲ್ಲವೂ ಸತ್ಯವೇ. ಆದರೆ ಲಿಂಗಸೂರಿನ ಕಡೆಯ ಒಬ್ಬ ಮುದುಕಿ ತಲೆಯ ಮೇಲೆ ಗಂಟು ಹೊತ್ತು ನಡೆಯುವಾಗ ಅವಳ ಮನಸ್ಸಿನಲ್ಲಿರುವುದು ಶಕ್ತಿಪೀಠದ ಎಣಿಕೆಯಲ್ಲ, ಮಗಳಿಗೆ ಈ ಬಣ್ಣ ಒಪ್ಪುತ್ತದೋ ಇಲ್ಲವೋ ಎಂಬ ಚಿಂತೆ. ಈ ಭಾವವನ್ನು ಸಾಮಾನ್ಯವೆಂದು ತಿಳಿಯಬಾರದು. ಶ್ರೀಶೈಲದ ಯಾತ್ರೆಯ ಮರ್ಮವೆಲ್ಲ ಅದರಲ್ಲೇ ಅಡಗಿದೆಯೆಂದು ನಮಗೆ ತೋರುತ್ತದೆ.

ಇನ್ನೊಂದು ಕಡೆಯ ಬಂಧುತ್ವವನ್ನೂ ಇಲ್ಲಿ ಹೇಳಬೇಕು. ನಲ್ಲಮಲ ಅಡವಿಯಲ್ಲಿ ಚೆಂಚು ಎಂಬ ಕಾಡಿನ ಜನ ಇದ್ದಾರೆ. ಜೇನು, ಗೆಡ್ಡೆಗೆಣಸು, ಬೇಟೆ ಇವುಗಳಿಂದ ಬಾಳಿ ಬಂದವರು. ಶಿವನು ಬೇಟೆಗಾರನ ವೇಷದಲ್ಲಿ ಈ ಅಡವಿಗೆ ಬಂದು ತಮ್ಮ ಕುಲದ ಹೆಣ್ಣನ್ನು ಮೆಚ್ಚಿ ಮದುವೆಯಾದನು ಎಂಬುದು ಅವರ ಕಥೆ. ಆದ್ದರಿಂದ ಮಲ್ಲಯ್ಯ ಅವರಿಗೆ ಅಳಿಯ. ಅವರು ಅವನನ್ನು ಚೆಂಚು ಮಲ್ಲಯ್ಯ ಎಂದೇ ಕರೆಯುತ್ತಾರೆ, ದೇವಾಲಯದ ಪ್ರಾಕಾರದ ಕಲ್ಲಿನಲ್ಲಿಯೂ ಆ ರೂಪವನ್ನು ಕೆತ್ತಿದ್ದಾರೆ. ನಮಗೂ ಅಳಿಯ, ಅವರಿಗೂ ಅಳಿಯ. ಹಾಗಾದರೆ ನಮಗೂ ಚೆಂಚರಿಗೂ ಏನು ಸಂಬಂಧವಾಯಿತು ಎಂದು ಕೇಳಿದರೆ, ಸವತಿಯ ತವರಿನವರು ಎಂದು ನಮ್ಮ ಹೆಣ್ಣುಮಕ್ಕಳು ನಕ್ಕಾರು. ನಗಲಿ. ಸಂಬಂಧವಂತೂ ಸಂಬಂಧವೇ.

ಶ್ರೀಶೈಲವು ಆಂಧ್ರಪ್ರದೇಶದಲ್ಲಿದೆ. ಬಹುಕಾಲ ಕರ್ನೂಲು ಜಿಲ್ಲೆಗೆ ಸೇರಿದ್ದ ಈ ಕ್ಷೇತ್ರ 2022ರಲ್ಲಿ ಹೊಸ ನಂದ್ಯಾಲ ಜಿಲ್ಲೆಗೆ ಸೇರಿತು. ಗೆರೆಗಳು ಹೀಗೆ ಬದಲಾಗುತ್ತಿರುತ್ತವೆ, ಯಾತ್ರೆಯ ದಾರಿ ಬದಲಾಗಿಲ್ಲ. ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ ಪಂಡಿತಾರಾಧ್ಯ ಚರಿತ್ರೆಯಲ್ಲಿ ಪರ್ವತ ಪ್ರಕರಣವೆಂಬ ಭಾಗವೇ ಇದೆ. ಪರ್ವತವೆಂದರೆ ಆ ಕಾಲದವರಿಗೆ ಬೇರೆ ಹೆಸರು ಬೇಕಾಗಿರಲಿಲ್ಲ, ಅದು ಶ್ರೀಪರ್ವತವೇ. ಗುಂಪುಗೂಡಿ ಹಾಡುತ್ತ ಕುಣಿಯುತ್ತ ಬೆಟ್ಟ ಏರುವ ಭಕ್ತರ ಚಿತ್ರವನ್ನು ಆತ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಸೂರ್ಯಸಿಂಹಾಸನ ಪೀಠದ ನೆಲೆ ಈ ಗಿರಿಯೇ ಎಂಬುದನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಘಂಟಾಮಠ, ವಿಭೂತಿಮಠ, ರುದ್ರಾಕ್ಷಿಮಠ, ಭೀಮಶಂಕರಮಠ, ಸಾರಂಗಧರಮಠ ಎಂಬ ಐದು ಹಳೆಯ ಮಠಗಳು ದೇವಾಲಯದ ಆಸುಪಾಸಿನಲ್ಲಿ ಇವೆ. 2021ರಲ್ಲಿ ಘಂಟಾಮಠದ ಜೀರ್ಣೋದ್ಧಾರ ನಡೆದಾಗ ಅಲ್ಲಿ ತಾಮ್ರಪಟಗಳು ದೊರೆತವು. ಗುಡಿಯ ದರ್ಶನ ಮುಗಿಸಿದ ಭಕ್ತರಲ್ಲಿ ಈ ಮಠಗಳತ್ತ ಹೆಜ್ಜೆ ಹಾಕುವವರು ಕಡಿಮೆ. ಒಂದು ಗಳಿಗೆ ಅಲ್ಲಿ ಕುಳಿತು ಬರಬೇಕು.

ಈ ಬೆಟ್ಟಕ್ಕೆ ಕನ್ನಡದ ಮಕ್ಕಳು ಹೋದ ಬಗೆ ಒಂದೊಂದೂ ಒಂದೊಂದು ತೆರನಾದದ್ದು. ಉಡುತಡಿಯ ಅಕ್ಕಮಹಾದೇವಿ ಕಲ್ಯಾಣವನ್ನು ದಾಟಿ, ಚೆನ್ನಮಲ್ಲಿಕಾರ್ಜುನನೇ ಗಂಡನೆಂದು ಇತ್ತ ಬಂದು ಕದಳಿಯಲ್ಲಿ ಒಂದಾದಳು. ಅಲ್ಲಮಪ್ರಭುಗಳ ಐಕ್ಯವೂ ಕದಳಿಯಲ್ಲೇ ಎಂದು ಪುರಾತನರು ಹೇಳುತ್ತಾರೆ. ಹೇಮರೆಡ್ಡಿ ಮಲ್ಲಮ್ಮ ಮನೆಯವರು ಕೊಟ್ಟ ಕಷ್ಟವನ್ನೆಲ್ಲ ಮಲ್ಲಯ್ಯನ ಮುಂದೆ ಅತ್ತು ಹೇಳಿಕೊಂಡವಳು. ಮಲ್ಲಮ್ಮನ ಕಣ್ಣೀರು ಎಂಬ ಹೆಸರಿನ ಜಾಗವನ್ನು ಇಂದಿಗೂ ಅಲ್ಲಿ ತೋರಿಸುತ್ತಾರೆ. ಆದರೆ ನಡೆದು ಹೋಗುವ ಭಕ್ತರಿಗೆ ಎಲ್ಲರಿಗಿಂತ ಹತ್ತಿರದವರು ಸೊನ್ನಲಿಗೆಯ ಸಿದ್ಧರಾಮರು ಎಂದು ನಮ್ಮ ಅಭಿಪ್ರಾಯ.

ಆ ಕಥೆಯನ್ನು ರಾಘವಾಂಕನು ಕಾವ್ಯ ಮಾಡಿದ್ದಾನೆ, ಹಿರಿಯರ ಬಾಯಲ್ಲಿಯೂ ಅದು ಉಳಿದು ಬಂದಿದೆ. ಹೊಲ ಕಾಯುತ್ತಿದ್ದ ಹುಡುಗ ಸಿದ್ಧರಾಮನ ಬಳಿಗೆ ಮಲ್ಲಯ್ಯನು ಜಂಗಮನ ವೇಷದಲ್ಲಿ ಬಂದು ಎಳೆಯ ತೆನೆ ಕೇಳಿದನು. ಹುಡುಗ ತೆನೆ ಸುಟ್ಟು ಕೊಟ್ಟನು. ತಿಂದ ಮೇಲೆ ಹೊಟ್ಟೆಯಲ್ಲಿ ಉರಿ, ಮಜ್ಜಿಗೆ ಅನ್ನ ಬೇಕು ಎಂದನು. ಹುಡುಗ ಮನೆಗೆ ಓಡಿ ತಾಯಿ ಸುಗ್ಗಲೆಯಿಂದ ಮಜ್ಜಿಗೆ ಅನ್ನ ಕಟ್ಟಿಸಿಕೊಂಡು ಬರುವಷ್ಟರಲ್ಲಿ ಜಂಗಮನಿಲ್ಲ. ಮಲ್ಲಯ್ಯಾ, ಮಲ್ಲಯ್ಯಾ ಎಂದು ಅಳುತ್ತ ಅಲೆಯುವ ಹುಡುಗನನ್ನು ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಕಂಡು, ನಿನ್ನ ಮಲ್ಲಯ್ಯನನ್ನು ತೋರಿಸುತ್ತೇವೆ ಬಾ ಎಂದು ಕರೆದುಕೊಂಡು ಹೋದರು. ಅಲ್ಲಿ ಗರ್ಭಗುಡಿಯ ಲಿಂಗವನ್ನು ತೋರಿಸಿದರೆ, ಇವನಲ್ಲ, ನನ್ನ ಹತ್ತಿರ ಅನ್ನ ಕೇಳಿದವನು ಬೇಕು ಎಂದು ಹುಡುಗ ಹಟ ಹಿಡಿದನು. ಕಾಡೆಲ್ಲ ಹುಡುಕಿ ಕಮರಿಯ ಅಂಚಿಗೆ ಬಂದು, ಕಾಣದಿದ್ದರೆ ಈ ಪ್ರಾಣವೇಕೆ ಎಂದು ಧುಮುಕಿದಾಗ ಮಲ್ಲಯ್ಯ ಕೈಯೊಡ್ಡಿ ಹಿಡಿದುಕೊಂಡನು. ಹಿಡಿದುಕೊಂಡವನು ಇಲ್ಲೇ ಇರು ಎನ್ನಲಿಲ್ಲ. ಸೊನ್ನಲಿಗೆಗೆ ಹಿಂದಿರುಗು, ಅಲ್ಲಿ ನನ್ನನ್ನು ನೆಲೆಗೊಳಿಸು ಎಂದು ಕಳುಹಿಸಿದನು. ಸಿದ್ಧರಾಮರು ಊರಿಗೆ ಬಂದು ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು. ಸೊಲ್ಲಾಪುರದ ಆ ಕೆರೆಯ ನೀರು ಇಂದಿಗೂ ಕಣ್ಣೆದುರಿಗಿದೆ.

ಹಸಿದವನಿಗೆ ಮಜ್ಜಿಗೆ ಅನ್ನ ತರಲು ಓಡಿದ ಹುಡುಗನಿಗೆ ದೇವರು ಸಿಕ್ಕಿದನು ಎಂಬುದನ್ನು ದಾರಿಯುದ್ದಕ್ಕೂ ಅರವಟ್ಟಿಗೆ ಇಡುವ ಭಕ್ತರು ಮರೆತಿಲ್ಲ. ಫಾಲ್ಗುಣ ಚೈತ್ರದ ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ಕಾಲ. ಆ ಬಿಸಿಲಿನಲ್ಲಿ ರಸ್ತೆಯ ಬದಿಗೆ ಚಪ್ಪರ ಹಾಕಿ, ನೀರು, ಮಜ್ಜಿಗೆ, ಅಂಬಲಿ, ಕಲ್ಲಂಗಡಿಯ ಹೋಳು ಹಿಡಿದು, ಬನ್ರೀ ಯಪ್ಪಾ, ಕುಡೀರಿ ಎಂದು ಕೈಹಿಡಿದು ಕೂಡಿಸುವವರು ಇದ್ದಾರೆ. ಬೊಕ್ಕೆ ಎದ್ದ ಕಾಲಿಗೆ ಎಣ್ಣೆ ಹಚ್ಚುವವರು ಇದ್ದಾರೆ. ಗಡಿ ದಾಟಿದ ಮೇಲೆ ತೆಲುಗು ಊರುಗಳಲ್ಲಿಯೂ ಅನ್ನ ನೀಡುವ ಕೈಗಳು ಕಾಯುತ್ತಿರುತ್ತವೆ. ಅವರಿಗೆ ನಮ್ಮ ಮಾತು ಬಾರದು, ನಮಗೆ ಅವರ ಮಾತು ಬಾರದು. ಮಲ್ಲಯ್ಯ ಎಂದರೆ ಮಲ್ಲನ್ನ ಎನ್ನುತ್ತಾರೆ, ಅಷ್ಟರಲ್ಲಿ ಮಾತುಕತೆ ಮುಗಿಯುತ್ತದೆ.

ಆತ್ಮಕೂರು ದಾಟಿ ವೆಂಕಟಾಪುರಕ್ಕೆ ಬಂದರೆ ಡಾಂಬರು ರಸ್ತೆ ಬಿಟ್ಟು ಅಡವಿಯ ದಾರಿ. ನಾಗಲೂಟಿಯ ವೀರಭದ್ರನಿಗೆ ಕೈಮುಗಿದು ಮುಂದೆ ಹೋದರೆ ಕಲ್ಲಿನ ಮೆಟ್ಟಿಲುಗಳು, ಏರು, ಇಳಿವು, ಪೆದ್ದಚೆರುವಿನ ಕೆರೆ, ಅಲ್ಲಿಂದ ಭೀಮನಕೊಳ್ಳ. ಹೋಗಿ ಬಂದ ಯಾರನ್ನಾದರೂ ಕೇಳಿರಿ, ಭೀಮನಕೊಳ್ಳದ ಹೆಸರು ಹೇಳಿದೊಡನೆ ಮೊಳಕಾಲು ಸವರಿಕೊಳ್ಳುತ್ತಾರೆ. ಆಳವಾದ ಕಣಿವೆಗೆ ಇಳಿದು ಮತ್ತೆ ಅಷ್ಟೇ ಕಡಿದಾಗಿ ಏರಬೇಕು. ಏರಿದ ಮೇಲೆ ಕೈಲಾಸ ದ್ವಾರ. ಆ ದ್ವಾರಕ್ಕೆ ಆ ಹೆಸರಿಟ್ಟವರು ಈ ಮೆಟ್ಟಿಲು ಹತ್ತಿಯೇ ಇಟ್ಟಿರಬೇಕು. ಎದೆಯ ಬೇನೆ, ಸಕ್ಕರೆ ಕಾಯಿಲೆ ಇರುವ ಹಿರಿಯರು ಈ ಏರನ್ನು ಹಟಕ್ಕೆ ಹತ್ತಬಾರದು. ದೋರ್ನಾಲದ ಮೇಲಿನಿಂದ ಘಾಟಿನ ರಸ್ತೆಯಲ್ಲಿ ಬಸ್ಸು ಗುಡಿಯ ಬಳಿಗೇ ಹೋಗುತ್ತದೆ. ಮಗಳ ಮನೆಗೆ ಮುದುಕ ತಂದೆ ಬಂಡಿಯಲ್ಲಿ ಬಂದನೆಂದು ಯಾವ ಮಗಳೂ ಮುನಿಸಿಕೊಂಡಿದ್ದನ್ನು ನಾವು ಕೇಳಿಲ್ಲ.

ಈ ಅಡವಿ ಈಗ ಹುಲಿಗಳ ರಕ್ಷಿತಾರಣ್ಯ. ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶವೆಂದು 1983ರಲ್ಲಿ ಘೋಷಣೆಯಾಯಿತು, ದೇಶದ ಹುಲಿ ಕಾಡುಗಳಲ್ಲೆಲ್ಲ ದೊಡ್ಡದು. ಶಿವರಾತ್ರಿಗೂ ಯುಗಾದಿಗೂ ಮಾತ್ರ ಅರಣ್ಯ ಇಲಾಖೆಯವರು ಕಾಲುದಾರಿಯನ್ನು ಯಾತ್ರಿಕರಿಗೆ ತೆರೆದುಕೊಡುತ್ತಾರೆ. ಎಲೆ ಉದುರಿ ಒಣಗಿ ನಿಂತ ಕಾಲ ಅದು, ಒಂದು ಬೀಡಿಯ ಕಿಡಿ ಸಾಕು. ನೀರು ಕುಡಿದು ಬಿಸಾಡಿದ ಬಾಟಲಿ, ಊಟ ಮಾಡಿ ಎಸೆದ ಪ್ಲಾಸ್ಟಿಕ್ ತಟ್ಟೆ ಜನ ಹೋದ ಮೇಲೂ ಅಲ್ಲೇ ಬಿದ್ದಿರುತ್ತವೆ. ಹಿಂದಿನವರು ಮುತ್ತುಗದ ಎಲೆಯಲ್ಲಿ ಉಂಡು ಎದ್ದು ಹೋಗುತ್ತಿದ್ದರು, ಎಲೆ ಮಣ್ಣಾಗುತ್ತಿತ್ತು. ಇಂದಿನ ತಟ್ಟೆ ಮಣ್ಣಾಗುವುದಿಲ್ಲ, ಜಿಂಕೆಯ ಹೊಟ್ಟೆ ಸೇರುತ್ತದೆ. ದಾಸೋಹ ಮಾಡುವ ಮಹನೀಯರು ಎಷ್ಟು ಸಾವಿರ ಜನರಿಗೆ ಉಣಿಸಿದೆವು ಎಂದು ಲೆಕ್ಕ ಇಡುತ್ತಾರೆ, ಅದು ಪುಣ್ಯವೇ. ಉಂಡು ಬಿಟ್ಟದ್ದನ್ನು ಎಷ್ಟು ಚೀಲ ತುಂಬಿ ತಂದೆವು ಎಂಬ ಲೆಕ್ಕವನ್ನೂ ಇಡಬೇಕಾದ ಕಾಲ ಬಂದಿದೆ. ಕಾಡು ಚೆಂಚರ ಮನೆಯ ಅಂಗಳ. ಬೀಗರ ಅಂಗಳದಲ್ಲಿ ಎಂಜಲು ಚೆಲ್ಲಿ ಬರುವವರು ಉಂಟೇ?

ಇದಕ್ಕಿಂತ ನೋವಿನ ಮಾತು ಇನ್ನೊಂದಿದೆ. 2022ರ ಯುಗಾದಿಯ ಸಂದರ್ಭದಲ್ಲಿ, ಅಂಗಡಿಯೊಂದರ ಮುಂದೆ ಆರಂಭವಾದ ಸಣ್ಣ ಮಾತು ಬೆಳೆದು ಕನ್ನಡದ ಯಾತ್ರಿಕರಿಗೂ ಅಲ್ಲಿನ ವ್ಯಾಪಾರಿಗಳಿಗೂ ನಡುವೆ ರಾತ್ರಿ ಹೊಡೆದಾಟವಾಯಿತು. ನಮ್ಮ ಕಡೆಯ ಯುವಕನಿಗೆ ಗಾಯವಾಯಿತು, ಅವರ ಅಂಗಡಿಗಳು ಹಾಳಾದವು. ತಪ್ಪು ಯಾರದು ಎಂಬ ವಿಚಾರಣೆಗೆ ನಾವು ಇಲ್ಲಿ ಕುಳಿತಿಲ್ಲ, ಅದಕ್ಕೆ ಪೊಲೀಸರೂ ನ್ಯಾಯಾಲಯವೂ ಇವೆ. ನಮ್ಮ ಪ್ರಶ್ನೆ ಬೇರೆ. ವಾರಗಟ್ಟಲೆ ಬರಿಗಾಲಲ್ಲಿ ನಡೆದು, ದಾರಿಯುದ್ದಕ್ಕೂ ಮಲ್ಲಯ್ಯನ ಹೆಸರು ಹೇಳಿ, ಕೊನೆಗೆ ಮಗಳ ಮನೆಯ ಬಾಗಿಲಲ್ಲಿ ನಿಂತು ಕೈ ಎತ್ತಿದರೆ ಒಳಗಿರುವ ಮಗಳ ಮುಖ ಹೇಗಾದೀತು? ಮಗಳನ್ನು ಕೊಟ್ಟವರು ಅಳಿಯನ ಊರಿನಲ್ಲಿ ಒಂದು ಮಾತು ಕಡಿಮೆಯೇ ಆಡುತ್ತಾರೆ, ಏಕೆಂದರೆ ನಾವು ತಿರುಗಿ ಬರುತ್ತೇವೆ, ಅವಳು ಅಲ್ಲೇ ಇರಬೇಕು. ಆ ಊರಿನವರೂ ಅಷ್ಟೇ. ಬಂದ ಬೀಗರ ಬಾಯಾರಿಕೆಯಲ್ಲಿ ಲಾಭ ಹುಡುಕಬಾರದು, ನೀರಿನ ಬೆಲೆ ಜಾತ್ರೆಯ ದಿನ ಏರಿಸಬಾರದು. ಆ ಗಲಾಟೆಯ ನಂತರದ ವರ್ಷಗಳಲ್ಲಿಯೂ ಕಂಬಿಗಳು ಹೋಗಿವೆ, ಸೀರೆ ಸಂದಿದೆ. ಸಂಬಂಧ ಕಡಿಯಲಿಲ್ಲ ಎಂಬುದು ಸಮಾಧಾನ. ಆದರೆ ಗುಂಪಿನ ಜೊತೆ ಹೋಗುವ ಹಿರಿಯರ ಮೇಲೆ ಒಂದು ಹೊಣೆ ಬಿದ್ದಿದೆ. ಮೊದಲು ಕಂಬಿಯ ಮುಂದೆ ಒಬ್ಬ ಹಿರಿಯ ಇರುತ್ತಿದ್ದನು, ಅವನ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಈಗ ಹುಡುಗರು ದೊಡ್ಡ ಧ್ವನಿವರ್ಧಕ ಕಟ್ಟಿದ ವಾಹನದ ಹಿಂದೆ ನಡೆಯುತ್ತಾರೆ, ಹಿರಿಯರು ಎಲ್ಲೋ ಹಿಂದೆ ಉಳಿಯುತ್ತಾರೆ. ಹುಡುಗರು ನಡೆಯುತ್ತಿದ್ದಾರಲ್ಲ ಎಂಬುದೇ ದೊಡ್ಡ ಸಂಗತಿ, ಅವರನ್ನು ಗದರಿಸಿ ಫಲವಿಲ್ಲ. ಹೆಜ್ಜೆ ಜೋರು ಮಾಡಿ ಅವರ ಪಕ್ಕಕ್ಕೆ ಹೋಗಿ ನಡೆಯಬೇಕು, ಸಿದ್ಧರಾಮರ ಕಥೆ ಹೇಳಬೇಕು. ಧ್ವನಿವರ್ಧಕ ತಾನಾಗಿ ಸಣ್ಣದಾಗುತ್ತದೆ.

ಬೆಟ್ಟದ ಮೇಲೆ ಮೊದಲ ದರ್ಶನಕ್ಕೆ ಧೂಳಿದರ್ಶನವೆಂದು ಹೆಸರು. ಬಂದವನು ಕಾಲಿನ ಧೂಳಿನೊಡನೆ ನೇರವಾಗಿ ಸ್ವಾಮಿಯ ಬಳಿಗೆ ಹೋಗಬಹುದು ಎಂಬುದು ಅದರ ಅರ್ಥ. ನೋಡಿರಿ, ಎಂಥ ಔದಾರ್ಯ! ದೂರದಿಂದ ಬಂದ ಮನೆಯವರನ್ನು ಕಾಲು ತೊಳೆಯುವ ಮೊದಲೇ ಅಪ್ಪಿಕೊಂಡಂತೆ. ಗರ್ಭಗುಡಿಯಲ್ಲಿರುವ ಲಿಂಗ ದೊಡ್ಡದಲ್ಲ, ಬಾಗಿ ನೋಡಬೇಕು. ಕುಲ ಗೋತ್ರ ಕೇಳದೆ ಭಕ್ತರು ತಮ್ಮ ಕೈಯಿಂದಲೇ ಮುಟ್ಟಿ, ಹಣೆ ಹಚ್ಚಿ ನಮಸ್ಕರಿಸುವ ಪದ್ಧತಿ ಇಲ್ಲಿ ಬಹಳ ಹಿಂದಿನಿಂದ ಬಂದಿದೆ. ಅಂಗೈಯಲ್ಲಿ ಇಷ್ಟಲಿಂಗವನ್ನು ಹಿಡಿದು ಪೂಜಿಸುವ ವೀರಶೈವನಿಗೆ ಈ ಸ್ಪರ್ಶದ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಯುಗಾದಿಯ ಜನಸಂದಣಿಯ ದಿನಗಳಲ್ಲಿ ಮಾತ್ರ ಸ್ಪರ್ಶದರ್ಶನ ನಿಲ್ಲಿಸಿ ಅಲಂಕಾರ ದರ್ಶನ ಇಡುತ್ತಾರೆ. ಇಷ್ಟು ನಡೆದು ಬಂದು ಮುಟ್ಟಲಾಗಲಿಲ್ಲವಲ್ಲ ಎಂದು ಕಣ್ಣೀರಿಡುವವರು ಉಂಟು. ಆದರೆ ಲಕ್ಷ ಜನ ಸಾಲಿನಲ್ಲಿರುವಾಗ ಒಬ್ಬೊಬ್ಬರೂ ಬಾಗಿ ಹಣೆ ಹಚ್ಚಿದರೆ ಹಿಂದಿನ ಹಸುಗೂಸಿನ ತಾಯಿಯ ಗತಿ ಏನು? ಮುಟ್ಟಲೇಬೇಕೆಂಬ ಆಸೆಯುಳ್ಳವರು ಹಬ್ಬಕ್ಕೆ ನಾಲ್ಕೈದು ದಿನ ಮೊದಲೇ ತಲುಪುವಂತೆ ಊರು ಬಿಡುವುದು ಒಳ್ಳೆಯದು. ಅಂಗಳದಲ್ಲಿ ವೃದ್ಧ ಮಲ್ಲಿಕಾರ್ಜುನನ ಗುಡಿಯೂ ಇದೆ. ಮೈಯೆಲ್ಲ ಸುಕ್ಕುಗಟ್ಟಿದಂತೆ ಕಾಣುವ ಆ ಲಿಂಗದ ಮುಂದೆ ವಯಸ್ಸಾದವರು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದನ್ನು ಕಾಣಬಹುದು.

ಗುಡಿಯ ಕಟ್ಟಡದ ವಿಷಯ ಸಂಕ್ಷೇಪವಾಗಿ ಹೇಳಿದರೆ ಸಾಕು. ರೆಡ್ಡಿ ಅರಸು ಪ್ರೋಲಯ ವೇಮನು ಪಾತಾಳಗಂಗೆಗೆ ಮೆಟ್ಟಿಲು ಕಟ್ಟಿಸಿದನು. 1377ರಲ್ಲಿ ಅನವೇಮರೆಡ್ಡಿ ವೀರಶಿರೋಮಂಟಪ ಕಟ್ಟಿಸಿದನು. ಹಿಂದೆ ವೀರಭಕ್ತರು ಅಲ್ಲಿ ತಮ್ಮ ಅಂಗಗಳನ್ನೇ ಒಪ್ಪಿಸುತ್ತಿದ್ದರು. ಯುಗಾದಿಯ ಹಿಂದಿನ ರಾತ್ರಿ ನಮ್ಮ ಕಡೆಯ ಭಕ್ತರು ಶಸ್ತ್ರ ಹಾಕಿಕೊಳ್ಳುವುದು, ಅಗ್ನಿಕುಂಡ ಹಾಯುವುದು ಆ ವೀರಾಚಾರದ ಉಳಿಕೆ. ಇಂದಿನ ಕಾಲಕ್ಕೆ ಶಸ್ತ್ರಕ್ಕಿಂತ ನಡಿಗೆಯೇ ಸಾಕಾದ ವೀರವ್ರತ ಎನ್ನುವವರು ನಾವು. ಮುಖಮಂಟಪ ವಿಜಯನಗರದ ಇಮ್ಮಡಿ ಹರಿಹರನ ಕಾಲದ್ದು, ಕೃಷ್ಣದೇವರಾಯನೂ ಬಂದು ಮಂಟಪಗಳನ್ನು ಕಟ್ಟಿಸಿದನು. 1677ರಲ್ಲಿ ಛತ್ರಪತಿ ಶಿವಾಜಿ ಮಹಾರಾಜರು ದರ್ಶನಕ್ಕೆ ಬಂದಿದ್ದರು. ಸುತ್ತಲ ಪ್ರಾಕಾರದ ಗೋಡೆಯನ್ನು ಮಾತ್ರ ಅವಸರದಲ್ಲಿ ದಾಟಬೇಡಿರಿ. ಆನೆ, ಕುದುರೆ, ಬೇಟೆ, ಮೆರವಣಿಗೆ, ಕುಣಿತ, ಶಿವಲೀಲೆಗಳು ಸಾಲು ಸಾಲಾಗಿ ಗೋಡೆಯ ಹೊರಮೈಯಲ್ಲಿವೆ. ಓದು ಬಾರದ ಅಜ್ಜನೂ ಮೊಮ್ಮಗನಿಗೆ ಅದನ್ನು ಓದಿ ಹೇಳಬಲ್ಲ. ಎಂಟು ಕಿಲೋಮೀಟರು ದೂರದ ಶಿಖರೇಶ್ವರದಿಂದ ನಂದಿಯ ಕೋಡುಗಳ ನಡುವೆ ಗುಡಿಯ ಶಿಖರ ಕಂಡವನಿಗೆ ಮರುಹುಟ್ಟಿಲ್ಲವೆಂಬ ನಂಬಿಗೆಯಿದೆ, ಸಾಕ್ಷಿ ಗಣಪತಿ ಬಂದವರ ಹೆಸರು ಬರೆದುಕೊಳ್ಳುತ್ತಾನೆಂಬ ನಂಬಿಗೆಯಿದೆ.

ಪಾತಾಳಗಂಗೆಯ ಬಗ್ಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಹೆಸರು ಗಂಗೆಯಾದರೂ ಅದು ನಮ್ಮ ಕೃಷ್ಣೆ. ಆಲಮಟ್ಟಿ ದಾಟಿ, ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡು, ನಾರಾಯಣಪುರ ದಾಟಿ, ಭೀಮೆಯನ್ನೂ ತುಂಗಭದ್ರೆಯನ್ನೂ ಸೇರಿಸಿಕೊಂಡು, ನಾವು ನಡೆದು ಬರುವ ಮೊದಲೇ ಆಕೆ ಇಲ್ಲಿಗೆ ಬಂದಿರುತ್ತಾಳೆ. 1963ರಲ್ಲಿ ಪಂಡಿತ ನೆಹರೂ ಅವರು ಇಲ್ಲಿ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದರು, ಎಂಬತ್ತರ ದಶಕದ ಆರಂಭಕ್ಕೆ ನೀರು ನಿಂತಿತು. ಆ ನೀರಿನಲ್ಲಿ ಎಷ್ಟೋ ಊರುಗಳು, ಗುಡಿಗಳು ಮುಳುಗಿದವು. ಕೂಡಲಿಯ ಸಂಗಮೇಶ್ವರನ ಪುರಾತನ ಗುಡಿಯನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ಬೇಸಿಗೆಯಲ್ಲಿ ನೀರು ಇಳಿದಾಗ ಪಾತಾಳಗಂಗೆಯ ಕೆಳಗಿನ ಮೆಟ್ಟಿಲುಗಳು ಮತ್ತೆ ಕಾಣುತ್ತವೆ. ಈಗ ಇಳಿಯಲು ತೂಗುತೊಟ್ಟಿಲ ದಾರಿಯೂ ಇದೆ. ಜಲಾಶಯದ ನೀರಿನ ಮೇಲೆ ದೋಣಿಯಲ್ಲಿ ಹೋದರೆ ಅಕ್ಕಮಹಾದೇವಿಯ ಗವಿ ಸಿಗುತ್ತದೆ. ಒಬ್ಬರೇ ನುಸುಳುವಷ್ಟು ಇಕ್ಕಟ್ಟಾದ ಕತ್ತಲಲ್ಲಿ ಒಳಗೆ ಹೋದರೆ ಒಂದು ಲಿಂಗ. ಮಾತನಾಡುತ್ತ ಹೋದವರೂ ಅಲ್ಲಿ ಸುಮ್ಮನಾಗುತ್ತಾರೆ.

ಯುಗಾದಿಯ ದಿನ ರಥ ಎಳೆದು, ಅಮ್ಮನವರಿಗೆ ಸೀರೆ ಒಪ್ಪಿಸಿ, ಕಂಬಿಯ ತಂಬಿಗೆಗಳಲ್ಲಿ ಪಾತಾಳಗಂಗೆಯ ನೀರು ತುಂಬಿಕೊಂಡು ಜನ ಹಿಂದಿರುಗುತ್ತಾರೆ. ಬರುವಾಗ ಬಹಳ ಮಂದಿಗೆ ಬಸ್ಸೇ ಗತಿ, ಕಾಲು ಹೇಳಿದ ಮಾತು ಕೇಳುವುದಿಲ್ಲ. ಊರಿನ ಅಗಸಿಯ ಬಳಿ ಡೊಳ್ಳು, ಕರಡಿಮಜಲು ಕಾಯುತ್ತಿರುತ್ತವೆ. ಕಂಬಿಯನ್ನು ಎದುರುಗೊಂಡು, ಮುಂದೆ ಒಂದು ದಿನ ಗೊತ್ತುಮಾಡಿ ಐದೇಶಿ ನಡೆಸುತ್ತಾರೆ, ಊರಿಗೆಲ್ಲ ಊಟ. ಹೋಗಲಾರದೆ ಮನೆಯಲ್ಲಿ ಉಳಿದ ಮುದುಕರು ಅಂಗೈ ಚಾಚಿ ಆ ತೀರ್ಥ ತೆಗೆದುಕೊಳ್ಳುತ್ತಾರೆ, ಹೋಗಿ ಬಂದವರನ್ನು ಕೂಡಿಸಿಕೊಂಡು ಮೊದಲು ಕೇಳುವುದು ಒಂದೇ ಮಾತು: ಮಗಳು ಚೆಂದ ಇದ್ದಾಳಾ?